ಜಾಬ್ ಶೀಟಿನ ಒಂದು ಸಾಲು: ಶಿರಸಿಯಲ್ಲಿ ಕೊಂಡ ಮೊಬೈಲಿನ ಪ್ರಕರಣ

ಶಿರಸಿ ತಾಲ್ಲೂಕಿನ ಹಳ್ಳಿಯೊಂದರ ಮಹಿಳೆ ಪೇಟೆಯ ಅಂಗಡಿಯಲ್ಲಿ 17,499 ರೂಪಾಯಿ ಕೊಟ್ಟು ಮೊಬೈಲ್ ಕೊಂಡರು. ಐದನೆಯ ದಿನಕ್ಕೆ ಅದು ಕೈಕೊಟ್ಟಿತು. ಹಣ ಮರಳಿ ಬರುವ ಹೊತ್ತಿಗೆ ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಗಿತ್ತು. ಈ ಪ್ರಕರಣದ ಕಾಗದಪತ್ರಗಳನ್ನು ಸಿದ್ಧಪಡಿಸಲು ನಾನು ಅವರಿಗೆ ನೆರವಾದೆ. ವಿಷಯ ರಾಜಿಯಲ್ಲಿ ಮುಗಿದಿರುವುದರಿಂದ ಅವರ ಹೆಸರನ್ನಾಗಲಿ ಅಂಗಡಿ, ಕಂಪನಿಗಳ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ನಡೆದದ್ದನ್ನು ಮಾತ್ರ ವಿವರವಾಗಿ ಬರೆಯುತ್ತೇನೆ. ಅಂಗಡಿಯಲ್ಲಿ ಕೊಂಡ ಫೋನ್ ಕೆಟ್ಟಾಗ ‘ಸರ್ವಿಸ್ ಸೆಂಟರಿಗೆ ಹೋಗಿ’ ಎಂಬ ಒಂದು ಮಾತಿಗೆ ತಲೆಬಾಗಿ ಸುಮ್ಮನಾದವರನ್ನು ನಮ್ಮ ಜಿಲ್ಲೆಯಲ್ಲಿ ನಾನು ಬಹಳ ಕಂಡಿದ್ದೇನೆ. ಈ ತಾಯಿ ಸುಮ್ಮನಾಗಲಿಲ್ಲ.

ಅವರ ಮನೆಯಲ್ಲಿ ಸಣ್ಣ ಅಡಕೆ ತೋಟವಿದೆ. ತೋಟದ ಆದಾಯ ಸಾಲದೆ ಅವರು ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಬೇಸಿಗೆಯಲ್ಲಿ ಮಾಡಿಟ್ಟದ್ದು ಮಳೆಗಾಲದಲ್ಲಿ ಖರ್ಚಾಗುತ್ತದೆ. ಬೆಂಗಳೂರು, ಹುಬ್ಬಳ್ಳಿ, ಮುಂಬೈಯಲ್ಲಿರುವ ಊರಿನವರು ಫೋನಿನಲ್ಲಿ ಬೇಡಿಕೆ ಹೇಳುತ್ತಾರೆ, ಹಣ ಯುಪಿಐ ಮೂಲಕ ಬರುತ್ತದೆ, ಪಾರ್ಸೆಲ್ ಶಿರಸಿಯಿಂದ ಹೊರಡುತ್ತದೆ. ಹಳೆಯ ಫೋನ್ ಸತ್ತದ್ದು ಜೂನ್ ತಿಂಗಳಿನಲ್ಲಿ, ವ್ಯಾಪಾರ ಏರುವ ಹೊತ್ತಿಗೆ. ಮಹಿಳಾ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಹೊಸದು ಕೊಂಡರು. ಮುಂದೆ ಫೋನ್ ಮೇಜಿನ ಮೇಲೆ ಸತ್ತು ಬಿದ್ದಿದ್ದಾಗಲೂ ವಾರದ ಕಂತು ನಿಲ್ಲಲಿಲ್ಲ. ಸಾಲ ಕೊಟ್ಟವರಿಗೂ ಫೋನಿನ ದೋಷಕ್ಕೂ ಸಂಬಂಧವಿಲ್ಲ. ಫೋನ್ ಕೆಟ್ಟಿತೆಂದು ಕಂತು ನಿಲ್ಲಿಸಿದರೆ ಇನ್ನೊಂದು ತೊಂದರೆ ತಲೆಗೆ ಸುತ್ತಿಕೊಳ್ಳುತ್ತದೆ. ಈ ತಿಳಿವಳಿಕೆ ಅವರಿಗೆ ನಾನು ಹೇಳುವ ಮೊದಲೇ ಇತ್ತು.

ಅಂಗಡಿಯವರು ಜಿಎಸ್‌ಟಿ ಬಿಲ್ ಕೊಟ್ಟಿದ್ದರು. ಅದರಲ್ಲಿ ಫೋನಿನ ಐಎಂಇಐ, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ, ನಮೂದಾಗಿತ್ತು. ಬಿಲ್ಲಿನ ಅಡಿಯಲ್ಲಿ ದಪ್ಪ ಅಕ್ಷರಗಳಲ್ಲಿ ‘ಒಮ್ಮೆ ಮಾರಿದ ಸರಕನ್ನು ಯಾವುದೇ ಕಾರಣಕ್ಕೂ ವಾಪಸ್ ಪಡೆಯುವುದಿಲ್ಲ’ ಎಂದು ಅಚ್ಚಾಗಿತ್ತು.

ಐದನೆಯ ದಿನ

ದೋಷ ಇಷ್ಟು: ಕರೆ ಬಂದು ಎರಡು ಮೂರು ನಿಮಿಷ ಮಾತಾಡುವಷ್ಟರಲ್ಲಿ ಫೋನಿನ ಮೇಲ್ಭಾಗ ಬಿಸಿಯಾಗಿ ತಾನಾಗಿಯೇ ಆರಿಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹೊತ್ತಿಕೊಳ್ಳುತ್ತಿತ್ತು. ಐದನೆಯ ದಿನ ಅಂಗಡಿಗೆ ಹೋದರು. ಅಂಗಡಿಯ ಹುಡುಗ ಸ್ವಲ್ಪ ಹೊತ್ತು ಅದನ್ನು ಒತ್ತಿ ನೋಡಿ, “ಅಕ್ಕಾ, ನಿಮ್ಮ ಊರಿನಲ್ಲಿ ನೆಟ್‌ವರ್ಕ್ ಸರಿ ಇಲ್ಲ. ಫೋನಿನದ್ದು ಏನೂ ತಪ್ಪಿಲ್ಲ” ಎಂದ.

“ನೆಟ್‌ವರ್ಕ್ ಇಲ್ಲದಿದ್ದರೆ ಮಾತು ಕಡಿಯುತ್ತದೆ ತಮ್ಮಾ, ಫೋನೇ ಆರಿಹೋಗುವುದಿಲ್ಲ” ಎಂದರು ಇವರು.

ಈ ಉತ್ತರಕ್ಕೆ ಅವನಲ್ಲಿ ಮರುಮಾತಿರಲಿಲ್ಲ. ಮಾಲೀಕರು ಬಂದು ಬಿಲ್ಲಿನ ಅಡಿಯ ಸಾಲನ್ನು ತೋರಿಸಿದರು. “ಬಾಕ್ಸ್ ತೆರೆದ ಮೇಲೆ ಜವಾಬ್ದಾರಿ ಕಂಪನಿಯದ್ದು, ನಾವು ಮಾರುವವರು ಮಾತ್ರ. ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಹೋಗಿ. ಬೇಕಾದರೆ ಫೋನ್ ಆರುವ ವಿಡಿಯೊ ಮಾಡಿ ನನಗೆ ವಾಟ್ಸ್‌ಆ್ಯಪ್ ಮಾಡಿ, ಕಂಪನಿಯವರಿಗೆ ಕಳಿಸುತ್ತೇನೆ” ಎಂದರು. ಅವರು ಅಷ್ಟು ಹೇಳಿದ್ದು ಉಪಕಾರವಾಯಿತು. ಇವರು ಪಕ್ಕದ ಮನೆಯವರ ಫೋನಿನಿಂದ ಆ ಸಂಜೆಯೇ ವಿಡಿಯೊ ತೆಗೆದರು. ಶಿರಸಿ ಬಸ್ ನಿಲ್ದಾಣದಲ್ಲಿ, ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿ ಕಾಣುವಂತೆ. ಅದನ್ನು ಮಾಲೀಕರಿಗೆ ಕಳಿಸಿದರು. ಎರಡು ನೀಲಿ ಗುರುತು ಬಂದವು, ಉತ್ತರ ಬರಲಿಲ್ಲ. ಕೊಂಡ ಐದನೆಯ ದಿನವೇ ದೋಷ ಅಂಗಡಿಯವರ ಗಮನಕ್ಕೆ ಬಂದಿತ್ತು ಎಂಬುದಕ್ಕೆ ಆ ಸಂದೇಶವೇ ಕೊನೆಯವರೆಗೂ ದಾಖಲೆಯಾಯಿತು.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದರ ಬಗ್ಗೆ ಎರಡು ಕಡೆಯೂ ತಪ್ಪು ನಂಬಿಕೆಗಳಿವೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(47) ಅನುಚಿತ ವ್ಯಾಪಾರ ಪದ್ಧತಿಗಳನ್ನು ಹೆಸರಿಸುತ್ತದೆ. ದೋಷವಿರುವ ಸರಕನ್ನು ಮಾರಿದ ಮೇಲೆ ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವುದು ಅವುಗಳಲ್ಲಿ ಒಂದು. ಬಿಲ್ಲಿನಲ್ಲಿ ಅವಧಿ ಹೇಳಿದ್ದರೆ ಆ ಅವಧಿಯೊಳಗೆ, ಹೇಳದಿದ್ದರೆ 30 ದಿನಗಳೊಳಗೆ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಈ ಬಿಲ್ಲಿನಲ್ಲಿ ಅವಧಿ ಇರಲಿಲ್ಲ, ‘ವಾಪಸ್ ಪಡೆಯುವುದಿಲ್ಲ’ ಎಂಬ ಘೋಷಣೆ ಮಾತ್ರ ಇತ್ತು. ಅಂಥ ಘೋಷಣೆಯನ್ನು ಎಷ್ಟು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೂ ಅದು ಕಾಯ್ದೆಯನ್ನು ಅಳಿಸುವುದಿಲ್ಲ. ಬಿಲ್ ಕೊಡದೆ ಮಾರುವುದೂ ಅದೇ ಕಲಮಿನಲ್ಲಿ ಅನುಚಿತ ಪದ್ಧತಿಯೇ.

ಆದರೆ ‘ದೋಷವಿರುವ’ ಎಂಬ ಪದವನ್ನು ಬಿಟ್ಟು ಓದಬಾರದು. ಮನೆಗೆ ಹೋದ ಮೇಲೆ ಬಣ್ಣ ಹಿಡಿಸಲಿಲ್ಲ, ಕ್ಯಾಮೆರಾ ಅಂದುಕೊಂಡಷ್ಟು ಚೆನ್ನಾಗಿಲ್ಲ, ಬೇರೆ ಅಂಗಡಿಯಲ್ಲಿ ಇನ್ನೂರು ರೂಪಾಯಿ ಕಡಿಮೆಗೆ ಸಿಕ್ಕಿತು ಎಂದು ಅಂಗಡಿಯಲ್ಲಿ ಕೊಂಡ ಫೋನನ್ನು ಹಿಂದಿರುಗಿಸುವ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ. ಅಂಗಡಿಯವರು ಒಪ್ಪಿದರೆ ಅದು ಅವರ ಸೌಜನ್ಯ. ಆನ್‌ಲೈನ್ ಮಾರಾಟಗಾರರು ತಮ್ಮ ನೀತಿಯಂತೆ ಕೊಡುವ ಏಳು ದಿನ, ಹತ್ತು ದಿನಗಳ ಸೌಲಭ್ಯವನ್ನು ಪೇಟೆಯ ಅಂಗಡಿಯಲ್ಲಿ ಹಕ್ಕೆಂದು ಕೇಳಿ ಜಗಳಕ್ಕೆ ನಿಲ್ಲುವವರಿದ್ದಾರೆ. ಅವರ ಗದ್ದಲದಿಂದ ನಿಜವಾಗಿ ಮೋಸಹೋದವರ ಮಾತೂ ಹಗುರವಾಗುತ್ತದೆ.

ಅಂಗಡಿಯವರ ಮಾತಿನಿಂದ ಇವರಿಗೆ ಇನ್ನೊಂದು ನಷ್ಟವೂ ಆಯಿತು. ಹೊಸ ಫೋನ್ ಮೊದಲ ಕೆಲವೇ ದಿನಗಳಲ್ಲಿ ಕೆಟ್ಟರೆ, ಸರ್ವಿಸ್ ಸೆಂಟರಿನ ಪ್ರಮಾಣಪತ್ರದ ಮೇಲೆ ಹೊಸ ಸೆಟ್ ಕೊಡುವ ಏರ್ಪಾಡನ್ನು ಹಲವು ಕಂಪನಿಗಳು ಇಟ್ಟುಕೊಂಡಿರುತ್ತವೆ. ವ್ಯಾಪಾರದವರು ಇದನ್ನು ‘ಡಿಒಎ’ ಎನ್ನುತ್ತಾರೆ. ಈ ಕಂಪನಿಯಲ್ಲಿ ಅದರ ಅವಧಿ ಏಳು ದಿನ. ಐದನೆಯ ದಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದವರಿಗೆ ಯಾರೂ ಇದನ್ನು ಹೇಳಲಿಲ್ಲ. ನೂರು ಕಿಲೋಮೀಟರ್ ಆಸುಪಾಸಿನ ಹುಬ್ಬಳ್ಳಿಯನ್ನು ಅವರು ಮುಟ್ಟಿದ್ದು ಎಂಟನೆಯ ದಿನ.

ಹುಬ್ಬಳ್ಳಿಯ ಕೌಂಟರಿನಲ್ಲಿ

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು ಇಲ್ಲಿದೆ.

ಸರ್ವಿಸ್ ಸೆಂಟರಿನಲ್ಲಿ ಫೋನ್ ಒಪ್ಪಿಸಿದಾಗ ‘ಜಾಬ್ ಶೀಟ್’ ಎಂಬ ಹಾಳೆ ಕೊಡುತ್ತಾರೆ. ಅದರಲ್ಲಿ ಗ್ರಾಹಕರ ದೂರು ಏನು, ಫೋನಿನ ಹೊರಸ್ಥಿತಿ ಹೇಗಿದೆ, ಒಡೆದ ಗುರುತಿದೆಯೇ, ನೀರಿನ ಗುರುತಿದೆಯೇ, ವಾರಂಟಿ ಇದೆಯೇ ಎಂಬುದನ್ನೆಲ್ಲ ತುಂಬುತ್ತಾರೆ. ಭಾಷೆ ಇಂಗ್ಲಿಷ್, ಅಕ್ಷರ ಸಣ್ಣದು. ಹಿಂದೆ ಸಾಲು ನಿಂತಿರುತ್ತದೆ, ಸಹಿ ಹಾಕಿ ಹೊರಡುವುದೇ ಎಲ್ಲರ ರೂಢಿ. ಇವರ ಜೊತೆ ಹುಬ್ಬಳ್ಳಿಯಲ್ಲಿ ಓದುತ್ತಿರುವ ಅಣ್ಣನ ಮಗ ಇದ್ದ. ಕೌಂಟರಿನಲ್ಲಿದ್ದವರು ದೂರಿನ ಜಾಗದಲ್ಲಿ ‘ಸಾಫ್ಟ್‌ವೇರ್ ಅಪ್‌ಡೇಟ್’ ಎಂದು ತುಂಬಿದ್ದನ್ನು ಅವನು ಗಮನಿಸಿದ. “ಅಪ್‌ಡೇಟ್ ಮಾಡಿಸಿಕೊಳ್ಳಲು ಅತ್ತೆ ಶಿರಸಿಯಿಂದ ಬಂದಿಲ್ಲ. ಕರೆಯ ನಡುವೆ ಆರಿಹೋಗುತ್ತದೆ ಎಂದು ಬರೆಯಿರಿ” ಎಂದು ಪಟ್ಟು ಹಿಡಿದ. ಅವರು ಗೊಣಗುತ್ತಲೇ ತಿದ್ದಿದರು: ‘ಕರೆಯ ಸಮಯದಲ್ಲಿ ಬಿಸಿಯಾಗಿ ತಾನಾಗಿ ಆಫ್ ಆಗುತ್ತದೆ’. ಅದರ ಕೆಳಗೆ ನೀರಿನ ಗುರುತಿನ ಮುಂದೆ ‘ಇಲ್ಲ’ ಎಂದು ಅವರೇ ತುಂಬಿದ್ದರು. ಹುಡುಗ ಹಾಳೆಯ ಎರಡೂ ಬದಿಯ ಚಿತ್ರ ತೆಗೆದುಕೊಂಡ. ಒಳಗೆ ಒಂದು ಗಂಟೆ ಇಟ್ಟುಕೊಂಡು, ಸಾಫ್ಟ್‌ವೇರ್ ಹೊಸದಾಗಿ ಹಾಕಿ ಫೋನ್ ಮರಳಿಸಿದರು.

ಮೂರು ದಿನ ಸರಿಯಾಗಿತ್ತು. ಆಮೇಲೆ ಅದೇ ಕಥೆ. ಮಳೆ ಜೋರಾಗಿದ್ದರಿಂದ ಮತ್ತೆ ಹುಬ್ಬಳ್ಳಿಗೆ ಹೋದದ್ದು ಹತ್ತೊಂಬತ್ತನೆಯ ದಿನ. ಈ ಸಲ ಒಳಗಿನಿಂದ ಬಂದ ತಂತ್ರಜ್ಞರು ಫೋನಿನ ಒಳಗೆ ನೀರು ಹೋಗಿದೆ, ಸೂಚಕಪಟ್ಟಿ ಕೆಂಪಾಗಿದೆ, ಆದ್ದರಿಂದ ವಾರಂಟಿ ಇಲ್ಲ, ಬೋರ್ಡ್ ಬದಲಿಸಲು 8,900 ರೂಪಾಯಿ ಆಗುತ್ತದೆ ಎಂದರು. ಖರ್ಚಿನ ಅಂದಾಜು ಹಾಳೆಯನ್ನು ಮುಂದಿಟ್ಟು ಸಹಿ ಕೇಳಿದರು. ಅದರಲ್ಲಿ ‘ನೀರಿನಿಂದ ಆದ ಹಾನಿಯನ್ನು ಗ್ರಾಹಕರು ಒಪ್ಪಿದ್ದಾರೆ’ ಎಂಬ ಅರ್ಥದ ವಾಕ್ಯವಿತ್ತು. ಇವರು ಸಹಿ ಹಾಕಲಿಲ್ಲ. ಸಹಿ ಇಲ್ಲದೆ ಫೋನ್ ಕೊಡುವುದಿಲ್ಲ ಎಂದಾಗ, ‘ಫೋನನ್ನು ರಿಪೇರಿ ಆಗದೆ ವಾಪಸ್ ಪಡೆದಿದ್ದೇನೆ. ನೀರು ಬಿದ್ದಿದೆ ಎಂಬುದನ್ನು ಒಪ್ಪುವುದಿಲ್ಲ’ ಎಂದು ಕೈಯಲ್ಲಿ ಕನ್ನಡದಲ್ಲಿ ಬರೆದು, ಅದರ ಕೆಳಗೆ ಸಹಿ ಮಾಡಿದರು. ಕಾನೂನು ಓದಿದವರಿಗೂ ಆ ಗಳಿಗೆಯಲ್ಲಿ ಇಷ್ಟು ಹೊಳೆಯುವುದು ಕಷ್ಟ. ಆ ಹೆಂಗಸಿನ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿದ್ದು ಆ ಹಾಳೆಯನ್ನು ಕಂಡಾಗ.

ಈ ಸೂಚಕಪಟ್ಟಿಯ ಬಗ್ಗೆ ಎರಡು ಮಾತು. ಫೋನಿನ ಒಳಗೆ, ಸಾಮಾನ್ಯವಾಗಿ ಸಿಮ್ ಹಾಕುವ ಕಿಂಡಿಯ ಬಳಿ, ಬಿಳಿಯ ಚಿಕ್ಕ ಪಟ್ಟಿ ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ನೀರು ತಾಗಿದೆ ಎಂಬುದಷ್ಟೇ ಅದು ಹೇಳುವ ವಿಷಯ. ಯಾವಾಗ ತಾಗಿತು, ಎಷ್ಟು ತಾಗಿತು, ಫೋನ್ ಕೆಟ್ಟದ್ದು ಅದರಿಂದಲೇ ಹೌದೇ ಎಂಬುದನ್ನು ಅದು ಹೇಳಲಾರದು. ಆಷಾಢದ ಮಳೆ ಬಡಿಯುವ ಊರಿನಲ್ಲಿ, ಗೋಡೆಯೇ ಬೆವರುವ ಮನೆಗಳಲ್ಲಿ, ತೋಟದಿಂದ ಒದ್ದೆ ಕೈಯಲ್ಲಿ ಬಂದು ಫೋನೆತ್ತುವವರ ನಡುವೆ ಈ ಪಟ್ಟಿಯೊಂದನ್ನೇ ನೆಚ್ಚಿ ವಾರಂಟಿ ಅಳಿಸುವುದು ನ್ಯಾಯವಲ್ಲ. ಈ ಪ್ರಕರಣದಲ್ಲಂತೂ ಎಂಟನೆಯ ದಿನ ನೀರಿನ ಗುರುತಿಲ್ಲ ಎಂದು ಬರೆದವರು ಅದೇ ಸರ್ವಿಸ್ ಸೆಂಟರಿನವರು, ಅಂದೂ ದೋಷ ಅದೇ ಆಗಿತ್ತು. ನೀರು ನಂತರ ತಾಗಿದ್ದರೂ ಮೊದಲಿನ ದೋಷಕ್ಕೆ ಅದು ಕಾರಣವಾಗುವುದು ಹೇಗೆ? ಜಾಬ್ ಶೀಟಿನಲ್ಲಿ ‘ಸಾಫ್ಟ್‌ವೇರ್ ಅಪ್‌ಡೇಟ್’ ಎಂಬ ಎರಡು ಪದ ಹಾಗೇ ಉಳಿದಿದ್ದರೆ ಈ ಪ್ರಶ್ನೆ ಕೇಳಲು ನಮಗೆ ನೆಲೆಯೇ ಇರುತ್ತಿರಲಿಲ್ಲ. ಎಂಟನೆಯ ದಿನ ಆ ಹುಡುಗ ತಿದ್ದಿಸಿದ ಸಾಲಿನ ಮೇಲೆ ಮುಂದಿನ ಎಲ್ಲವೂ ನಿಂತಿತು.

ಮೂವತ್ತು ದಿನದ ಒಳಗೆ

ಅವರು ನನ್ನ ಬಳಿ ಬಂದದ್ದು ಇಪ್ಪತ್ತೆರಡನೆಯ ದಿನ. ಬಿಲ್ಲು, ಬಾಕ್ಸ್, ಎರಡು ಹಾಳೆ, ವಿಡಿಯೊ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಒಟ್ಟಿಗೆ ತಂದಿದ್ದರು. ಅಂಗಡಿಯವರಿಗೆ ಬಾಯಲ್ಲಿ ಹೇಳಿದ್ದಾಗಿತ್ತು, ಬರಹದಲ್ಲಿ ಹೇಳಿರಲಿಲ್ಲ. ಮೂವತ್ತು ದಿನ ಮುಗಿಯುವ ಮೊದಲು ‘ದೋಷವಿದೆ, ವಾಪಸ್ ತೆಗೆದುಕೊಂಡು ಹಣ ಕೊಡಿ’ ಎಂಬ ಲಿಖಿತ ಬೇಡಿಕೆ ಅಂಗಡಿಗೆ ಮುಟ್ಟಬೇಕಿತ್ತು. ಆ ಅವಧಿ ಮೀರಿದರೆ ಹಕ್ಕೇ ಹೋಗುತ್ತದೆ ಎಂದಲ್ಲ. ದೋಷದ ಸರಕು, ಸೇವಾ ನ್ಯೂನತೆ ಎಂದು ದೂರು ಕೊಡಲು ಎರಡು ವರ್ಷದ ಕಾಲಾವಕಾಶವಿದೆ. ಆದರೆ ಅಂಗಡಿಯವರನ್ನು ನೇರವಾಗಿ ಹಿಡಿಯುವ ಕಲಂ 2(47)ರ ಬಲ ಆ ಮೂವತ್ತು ದಿನಗಳಲ್ಲಿ ಹೆಚ್ಚು. ಒಂದೂವರೆ ಪುಟದ ಪತ್ರವನ್ನು ಕನ್ನಡದಲ್ಲಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಹಾಕಿದೆವು. ಇಪ್ಪತ್ತಾರನೆಯ ದಿನ ಅದು ಅಂಗಡಿಗೆ ತಲುಪಿದ ದಾಖಲೆ ಸಿಕ್ಕಿತು. ಪ್ರತಿಗಳು ಸರ್ವಿಸ್ ಸೆಂಟರಿಗೂ ಕಂಪನಿಯ ಪ್ರಧಾನ ಕಚೇರಿಗೂ ಹೋದವು. ಪತ್ರದಲ್ಲಿ ಒಂದೂ ಬಿರುನುಡಿ ಇರಲಿಲ್ಲ. ತಾರೀಖುಗಳಿದ್ದವು, ಐಎಂಇಐ ಇತ್ತು, ಜಾಬ್ ಶೀಟಿನ ಸಂಖ್ಯೆಯಿತ್ತು, ಹದಿನೈದು ದಿನದ ಗಡುವಿತ್ತು.

ಪತ್ರ ತಲುಪಿದ ದಿನ ಅಂಗಡಿಯ ಮಾಲೀಕರು ನನಗೆ ಫೋನ್ ಮಾಡಿದರು. ಬೇಸರ ಅವರ ದನಿಯಲ್ಲಿತ್ತು. “ನಮ್ಮೂರಿನವರೇ ಹೀಗೆ ನೋಟಿಸ್ ಕಳಿಸಿದರೆ ಹೇಗೆ ಮಾರಾಯರೇ? ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಹದಿನೇಳು ಸಾವಿರ ನಾನು ಕೈಯಿಂದ ಹಾಕಬೇಕೇ?” ಎಂದು ಕೇಳಿದರು. ಅವರ ಕಷ್ಟ ಸುಳ್ಳಲ್ಲ. ಒಂದು ಸೆಟ್ ಮಾರಿದರೆ ಸಣ್ಣ ಅಂಗಡಿಗೆ ಉಳಿಯುವುದು ಅಷ್ಟಿಷ್ಟೇ. ಆದರೂ ನಾನು ಅವರಿಗೆ ಹೇಳಿದ್ದು ಇದನ್ನೇ: ಆ ಅಕ್ಕ ಹಣ ಕೊಟ್ಟದ್ದು ನಿಮಗೆ, ಕಂಪನಿಗೆ ಅಲ್ಲ. 1930ರ ಸರಕು ಮಾರಾಟ ಕಾಯ್ದೆಯೂ ಮಾರಿದವರ ಮೇಲೆಯೇ ಹೊಣೆ ಹೊರಿಸುತ್ತದೆ. ಅಂಥ ಸರಕಿನ ವ್ಯಾಪಾರ ಮಾಡುವವರು ಕೊಟ್ಟ ವಸ್ತು ಮಾರಾಟಕ್ಕೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕು ಎಂಬುದು ಹೇಳದೆಯೂ ಇರುವ ಷರತ್ತು. ನೀವು ಆಕೆಗೆ ಕೊಟ್ಟು, ಕಂಪನಿಯಿಂದ ವಸೂಲು ಮಾಡಿಕೊಳ್ಳಿ. ಅದಕ್ಕೆ ಬೇಕಾದ ಪತ್ರ ಬರೆಯಲು ನಿಮಗೂ ನೆರವಾಗುತ್ತೇನೆ. ಅವರು ‘ನೋಡೋಣ’ ಎಂದರು. ಗಡುವು ಮುಗಿಯಿತು.

ಈ ನಡುವೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು. ಕನ್ನಡದಲ್ಲೇ ಮಾತಾಡಬಹುದು, ದೂರಿಗೆ ಒಂದು ಸಂಖ್ಯೆ ಕೊಡುತ್ತಾರೆ. ಸಹಾಯವಾಣಿ ದೂರನ್ನು ಕಂಪನಿಗೆ ರವಾನಿಸಿ ಉತ್ತರ ತರಿಸುತ್ತದೆ. ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಎಷ್ಟೋ ದೂರುಗಳು ಅಲ್ಲಿಯೇ ಬಗೆಹರಿಯುತ್ತವೆ, ಆದ್ದರಿಂದ ಅದನ್ನು ಬಿಡಬಾರದು. ಇಲ್ಲಿ ಕಂಪನಿ ‘ನೀರಿನ ಹಾನಿ, ಹಣ ಕೊಟ್ಟರೆ ರಿಪೇರಿ’ ಎಂದು ಬರೆದು ಕೈ ತೊಳೆದುಕೊಂಡಿತು. ಅದೂ ನಮಗೆ ಉಪಯೋಗಕ್ಕೇ ಬಂತು. ಕಂಪನಿ ಏನನ್ನು ಆಧಾರವಾಗಿ ಹಿಡಿಯುತ್ತದೆ ಎಂಬುದು ಬರಹದಲ್ಲಿ ಸಿಕ್ಕಿತು.

ಕಾರವಾರಕ್ಕೆ

ಉತ್ತರ ಕನ್ನಡದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಕಾರವಾರದಲ್ಲಿದೆ. ಘಟ್ಟದ ಮೇಲಿನವರಿಗೆ ಕಾರವಾರ ಎಂದಕೂಡಲೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ಕುಮಟಾ ರಸ್ತೆ ಬಂದ್ ಆದ ಮಳೆಗಾಲಗಳನ್ನು ಕಂಡವರ ಅಂಜಿಕೆ ಸಹಜವೇ. ‘ಹದಿನೇಳು ಸಾವಿರಕ್ಕಾಗಿ ಎಷ್ಟು ಸಲ ಘಟ್ಟ ಇಳಿಯುವುದು?’ ಎಂಬ ಲೆಕ್ಕಾಚಾರವೇ ಅಂಗಡಿ, ಕಂಪನಿಗಳ ದೊಡ್ಡ ರಕ್ಷಣೆ. ಆದರೆ ದೂರನ್ನು ಈಗ ‘ಇ-ಜಾಗೃತಿ’ ಜಾಲತಾಣದ ಮೂಲಕ ಕುಳಿತಲ್ಲಿಂದಲೇ ಸಲ್ಲಿಸಬಹುದು. ಸಾಕಷ್ಟು ಕಾರಣ ತೋರಿಸಿ ಅರ್ಜಿ ಕೊಟ್ಟರೆ ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು ಆಯೋಗ ಅವಕಾಶ ಕೊಡಬಹುದು ಎಂದು ಕಾಯ್ದೆಯ ಕಲಂ 38ರಲ್ಲಿದೆ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ.

ಸರ್ವಿಸ್ ಸೆಂಟರ್ ಧಾರವಾಡ ಜಿಲ್ಲೆಯಲ್ಲಿದೆ, ಕಂಪನಿಯ ಕಚೇರಿ ಬೇರೆ ರಾಜ್ಯದಲ್ಲಿದೆ, ಕಾರವಾರದಲ್ಲಿ ದೂರು ನಡೆಯುತ್ತದೆಯೇ ಎಂದು ಅವರ ಮನೆಯವರು ಕೇಳಿದರು. ನಡೆಯುತ್ತದೆ. ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. 1986ರ ಹಳೆಯ ಕಾಯ್ದೆಯಲ್ಲಿ ಇದು ಇರಲಿಲ್ಲ.

ಎದುರುದಾರರಾಗಿ ಮೂವರನ್ನೂ ಸೇರಿಸಿದೆವು: ಅಂಗಡಿ, ಸರ್ವಿಸ್ ಸೆಂಟರ್, ಕಂಪನಿ. ಒಬ್ಬರನ್ನು ಬಿಟ್ಟರೆ ಉಳಿದವರು ಬಿಟ್ಟವರ ಕಡೆ ಬೆರಳು ತೋರಿಸುತ್ತಾರೆ. ಅಂಗಡಿಯವರನ್ನು ಬಿಡೋಣವೇ ಎಂದು ಆ ಅಕ್ಕ ಕೇಳಿದರು. ಪೇಟೆಯಲ್ಲಿ ದಿನವೂ ಎದುರಾಗುವ ಮುಖ, ಸಂಕೋಚ. ಬಿಡಬಾರದು ಎಂದೆ. ಹಣ ಪಡೆದವರು ಅವರು. ಕಲಂ 2(47) ಹೇಳುವ ನಿರಾಕರಣೆ ಮಾಡಿದವರೂ ಅವರೇ.

ದೂರಿನಲ್ಲಿ ಎರಡು ಆಕ್ಷೇಪಗಳಿಗೆ ಮೊದಲೇ ಉತ್ತರ ಬರೆದಿಟ್ಟೆವು. ಒಂದು, ಫೋನನ್ನು ವ್ಯಾಪಾರಕ್ಕೆ ಬಳಸುತ್ತಿದ್ದರು, ಆದ್ದರಿಂದ ಇವರು ‘ಗ್ರಾಹಕ’ರೇ ಅಲ್ಲ ಎಂಬ ವಾದ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುತ್ತದೆ ನಿಜ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲು ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು ಕಲಂ 2(7)ರ ವಿವರಣೆಯೇ ಹೇಳುತ್ತದೆ. ಮನೆಯ ಒಲೆಯ ಮುಂದೆ ಕುಳಿತು ಹಪ್ಪಳ ಲಟ್ಟಿಸುವವರನ್ನು ಅದರಿಂದ ಹೊರಹಾಕಲು ಬರುವುದಿಲ್ಲ. ಎರಡು, ವಾರಂಟಿ ಕಾರ್ಡಿನಲ್ಲಿ ರಿಪೇರಿಯ ಭರವಸೆ ಮಾತ್ರ ಇದೆ, ಹಣ ವಾಪಸಿನದ್ದಿಲ್ಲ ಎಂಬ ವಾದ. ವಾರಂಟಿ ಕಂಪನಿ ತಾನಾಗಿ ಕೊಟ್ಟ ಮಾತು, ಕಾಯ್ದೆಯ ಪರಿಹಾರ ಅದಕ್ಕಿಂತ ವಿಶಾಲ. ದೋಷ ನಿವಾರಣೆ, ಬದಲಿ ಸರಕು, ಬಡ್ಡಿಯೊಂದಿಗೆ ಬೆಲೆ ವಾಪಸ್, ನಷ್ಟ ಪರಿಹಾರ ಇವುಗಳಲ್ಲಿ ಸೂಕ್ತವಾದದ್ದನ್ನು ಆದೇಶಿಸುವ ಅಧಿಕಾರ ಆಯೋಗಕ್ಕೆ ಕಲಂ 39ರಲ್ಲಿದೆ.

ನಮ್ಮ ದುರ್ಬಲ ಜಾಗವೂ ನಮಗೆ ತಿಳಿದಿತ್ತು. ದೋಷವಿದೆ ಎಂದು ತೋರಿಸುವ ಭಾರ ದೂರುದಾರರ ಮೇಲಿದೆ. ಪರೀಕ್ಷೆಯಿಲ್ಲದೆ ದೋಷ ನಿರ್ಣಯಿಸಲಾಗದು ಎನ್ನಿಸಿದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು. ಹಾಗಾದಲ್ಲಿ ತೀರ್ಮಾನಕ್ಕೆ ಕಾಯ್ದೆ ಇಟ್ಟ ಮೂರು ತಿಂಗಳ ಗುರಿ ಐದು ತಿಂಗಳಾಗುತ್ತದೆ, ಕಾರ್ಯತಃ ಇನ್ನೂ ಹೆಚ್ಚೇ ಹಿಡಿಯಬಹುದು. ಪರೀಕ್ಷೆಗೆ ನಾವು ಸಿದ್ಧ ಎಂದು ದೂರಿನಲ್ಲೇ ಬರೆದೆವು. ಎರಡನೆಯ ಸಲ ಹುಬ್ಬಳ್ಳಿಯಿಂದ ಬಂದ ಮೇಲೆ ಫೋನನ್ನು ಯಾವ ರಿಪೇರಿ ಅಂಗಡಿಯಲ್ಲೂ ಬಿಚ್ಚಿಸಬೇಡಿ ಎಂದು ಅವರಿಗೆ ಹೇಳಿದ್ದೆ. ಗುರುತಿನವರು ಇನ್ನೂರು ರೂಪಾಯಿಗೆ ನೋಡಿಕೊಡುತ್ತೇನೆ ಎಂದರೂ ಅವರು ಕೊಡಲಿಲ್ಲ. ಒಮ್ಮೆ ಹೊರಗಿನವರ ಕೈ ಬಿದ್ದಿದ್ದರೆ ಅಲ್ಲಿಗೆ ನಮ್ಮ ಸಾಕ್ಷ್ಯ ಕೆಡುತ್ತಿತ್ತು.

ಪರಿಹಾರದ ಮೊತ್ತದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಹದಿನೇಳು ಸಾವಿರದ ಫೋನಿಗೆ ಎರಡು ಲಕ್ಷ ಮಾನಸಿಕ ಕಿರುಕುಳ ಎಂದು ಬರೆಯುವ ದೂರುಗಳನ್ನು ನೋಡಿದ್ದೇನೆ. ಅದರಿಂದ ನಿಜವಾದ ಬೇಡಿಕೆಯ ತೂಕವೂ ಕಡಿಮೆಯಾಗುತ್ತದೆ. ಹುಬ್ಬಳ್ಳಿಗೆ ಹೋದ ಬಸ್ ಖರ್ಚು ಸೇರಿಸೋಣ ಎಂದರೆ, ಶಕ್ತಿ ಯೋಜನೆಯಿಂದಾಗಿ ಅವರ ಟಿಕೆಟ್ ಶೂನ್ಯ ದರದ್ದು. ಇಲ್ಲದ ಖರ್ಚನ್ನು ಬರೆಯಲಿಲ್ಲ. ಆ ದಿನಗಳ ದುಡಿಮೆ ಹೋಯಿತು, ಕರೆ ಕಡಿದು ಕೈತಪ್ಪಿದ ಬೇಡಿಕೆಗಳ ವಾಟ್ಸ್‌ಆ್ಯಪ್ ಸಂದೇಶಗಳಿದ್ದವು. ಅವುಗಳನ್ನು ಲಗತ್ತಿಸಿ, ಬೆಲೆ ಮತ್ತು ಬಡ್ಡಿ, ತೊಂದರೆಗೆ 5,000, ಖರ್ಚಿಗೆ 3,000 ಕೇಳಿದೆವು. ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಆಗಸ್ಟ್ ನಡುವಿನಲ್ಲಿ ದೂರು ಸಲ್ಲಿಕೆಯಾಯಿತು.

ರಾಜಿ

ದೂರು ಅಂಗೀಕಾರವಾಗಿ ನೋಟಿಸ್ ಹೊರಟಿತು. ನೋಟಿಸ್ ಮುಟ್ಟಿದ ಮೇಲೆ ಎದುರುದಾರರು 30 ದಿನಗಳಲ್ಲಿ ಉತ್ತರ ಕೊಡಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಹಳೆಯ ಕಾಯ್ದೆಯಲ್ಲಿದ್ದ ಇದೇ 45 ದಿನಗಳ ಮಿತಿಯನ್ನು ಯಾರೂ ಮೀರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಸಹಾಯವಾಣಿಗೆ ಎರಡು ಸಾಲು ಬರೆದು ಸುಮ್ಮನಿದ್ದ ಕಂಪನಿ ಈ ಗಡುವಿನ ಮುಂದೆ ಹಾಗೆ ಇರಲಾಗಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಅವರ ಪ್ರತಿನಿಧಿ ನೇರವಾಗಿ ಆ ಅಕ್ಕನಿಗೆ ಫೋನ್ ಮಾಡಿ, ಅದೇ ಮಾದರಿಯ ಹೊಸ ಸೆಟ್ ಕೊಡುತ್ತೇವೆ, ಕೇಸ್ ವಾಪಸ್ ತೆಗೆದುಕೊಳ್ಳಿ ಎಂದರು.

ಅವರು ಬೇಡ ಎಂದರು. ಆ ಮಾದರಿಯ ಮೇಲೆ ನಂಬಿಕೆ ಹೋಗಿತ್ತು, ವ್ಯಾಪಾರ ನಡೆಸಲು ಅಷ್ಟರಲ್ಲಿ ಅಣ್ಣನ ಮನೆಯ ಹಳೆಯ ಫೋನ್ ತಂದುಕೊಂಡಿದ್ದರು. ಹಣವೇ ಬೇಕು ಎಂದು ನಿಂತರು. ಎರಡನೆಯ ಕರೆಯಲ್ಲಿ ಪೂರ್ತಿ ಬೆಲೆ ಮತ್ತು 3,000 ರೂಪಾಯಿಗೆ ಕಂಪನಿ ಒಪ್ಪಿತು. ಹಣವನ್ನು ಅಂಗಡಿಯವರು ಕೊಡುವುದು, ಕಂಪನಿ ಅಂಗಡಿಗೆ ಅಷ್ಟನ್ನು ಜಮಾ ಮಾಡುವುದು ಎಂದಾಯಿತು. ಅಂಗಡಿಯ ಮಾಲೀಕರು ಜುಲೈನಲ್ಲಿ ‘ಕೈಯಿಂದ ಹಾಕಬೇಕೇ’ ಎಂದು ಕೇಳಿದ್ದಕ್ಕೆ ಉತ್ತರ ಇದೇ ಆಗಿತ್ತು. ಆದರೆ ಅದನ್ನು ಕಂಪನಿಯಿಂದ ಹೊರಡಿಸಲು ಕಾರವಾರದ ಮೊಹರು ಬೇಕಾಯಿತು. ಬಡ್ಡಿ, ಪೂರ್ಣ ಪರಿಹಾರ ಬಿಟ್ಟುಕೊಡಬೇಕೇ ಎಂದು ಅವರು ನನ್ನನ್ನು ಕೇಳಿದರು. ಬಿಟ್ಟರೆ ಈಗ ಹಣ ಬರುತ್ತದೆ, ಹಿಡಿದರೆ ಇನ್ನೂ ಕೆಲವು ತಿಂಗಳು, ಆಮೇಲೆ ಮೇಲ್ಮನವಿಯ ಸಾಧ್ಯತೆ ಎಂದು ಎರಡನ್ನೂ ಹೇಳಿದೆ. ಸಂಘದ ಸಾಲದ ಕಂತು ಇನ್ನೂ ನಡೆಯುತ್ತಿತ್ತು. ಅವರು ರಾಜಿಗೆ ಒಪ್ಪಿದರು. ಆ ತೀರ್ಮಾನ ಅವರ ಮನೆಯ ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ರಾಜಿಯಲ್ಲೂ ಒಂದು ಎಳೆದಾಟವಾಯಿತು. ಮೊದಲು ಕೇಸ್ ಹಿಂತೆಗೆದುಕೊಂಡ ಪತ್ರಕ್ಕೆ ಸಹಿ ಮಾಡಿ ಕಳಿಸಿ, ಆಮೇಲೆ ಹಣ ಹಾಕುತ್ತೇವೆ ಎಂದು ಪ್ರತಿನಿಧಿ ಹೇಳಿದರು. ಇದಕ್ಕೆ ಯಾರೂ ಒಪ್ಪಬಾರದು. ಷರತ್ತುಗಳನ್ನು ಬರೆದು ಎರಡೂ ಕಡೆಯವರು ಸಹಿ ಮಾಡಿದ ರಾಜಿ ಅರ್ಜಿ ಆಯೋಗದ ಮುಂದೆ ಹೋಗಬೇಕು. ಆಗ ಮಾತು ತಪ್ಪಿದರೆ ಅದನ್ನು ಆಯೋಗದ ಆದೇಶವಾಗಿಯೇ ಜಾರಿ ಮಾಡಿಸಬಹುದು, ಆದೇಶ ಪಾಲಿಸದವರಿಗೆ ಜೈಲು ಮತ್ತು ದಂಡದ ಶಿಕ್ಷೆಯೂ ಕಾಯ್ದೆಯಲ್ಲಿದೆ. ಇವರ ಪ್ರಕರಣದಲ್ಲಿ ಹಣ ಖಾತೆಗೆ ಬಂದ ದಿನವೇ ಫೋನ್ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಐಎಂಇಐ ಸಹಿತ ರಸೀದಿ ಪಡೆದರು. ಅದಕ್ಕೆ ಮೊದಲು ಫೋನಿನಲ್ಲಿದ್ದ ತಮ್ಮ ಖಾತೆಗಳಿಂದ ಹೊರಬಂದು, ಯುಪಿಐ ತೆಗೆದು, ಎಲ್ಲವನ್ನೂ ಅಳಿಸಿ ಕೊಟ್ಟರು. ಗಿರಾಕಿಗಳ ವಿಳಾಸ, ಬ್ಯಾಂಕ್ ಸಂದೇಶ, ಮೊಮ್ಮಗುವಿನ ಚಿತ್ರ ಎಲ್ಲವೂ ಅದರಲ್ಲಿದ್ದವು. ದೂರಿಗೆ ಬೇಕಾದವುಗಳ ಪ್ರತಿ ಮೊದಲೇ ಬೇರೆ ಕಡೆ ಇಟ್ಟಿದ್ದೆವು.

ರಾಜಿಯಾದ್ದರಿಂದ ನೀರಿನ ಪ್ರಶ್ನೆಗೆ ತೀರ್ಪು ಸಿಗಲಿಲ್ಲ. ಕಂಪನಿ ತನ್ನ ತಂತ್ರಜ್ಞರು ಹೇಳಿದ್ದು ತಪ್ಪೆಂದು ಎಲ್ಲಿಯೂ ಒಪ್ಪಿಲ್ಲ. ರಾಜಿ ಅರ್ಜಿಯಲ್ಲಿ ‘ಯಾವ ಪಕ್ಷವೂ ಹೊಣೆ ಒಪ್ಪದೆ’ ಎಂಬ ಮಾತನ್ನು ಅವರೇ ಕೇಳಿ ಸೇರಿಸಿಕೊಂಡರು. ಘಟ್ಟದ ಮೇಲೂ ಕರಾವಳಿಯಲ್ಲೂ ಪ್ರತಿ ಮಳೆಗಾಲ ಇದೇ ಕೆಂಪು ಪಟ್ಟಿ ತೋರಿಸಿ ಎಷ್ಟೋ ಜನರನ್ನು ವಾಪಸ್ ಕಳಿಸುತ್ತಾರೆ. ಫೋನನ್ನು ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳಿ ಕೊನೆಯವರೆಗೂ ನಿಲ್ಲುವ ದೂರುದಾರರು ಸಿಕ್ಕಿದರೆ, ಅವರ ಕಾಗದಪತ್ರ ಸಿದ್ಧಪಡಿಸಲು ನಾನು ತಯಾರಿದ್ದೇನೆ.